ಹೂಂಭಾವ ಆರಿಸಿದ ಕಾರು

ಪರದೆ ಅಂಗಡಿಯಲ್ಲಿ ಕಿಟಕಿ ಬಾಗಿಲುಗಳ ಅಳತೆ ತೆಗೆಯುವ ಕೆಲಸ ಮಾಡುತ್ತಿದ್ದ ಅವನನ್ನು ಹೆಂಡತಿಯ ತವರಿನಲ್ಲಿ ಎಲ್ಲರೂ ಹೂಂಭಾವ ಎನ್ನುತ್ತಿದ್ದರು. ಆ ಹೆಸರಿಟ್ಟವನು ಬಾಮೈದ. ಮದುವೆಯಾದ ಹೊಸತರಲ್ಲಿ ಅಳಿಯ ಊಟಕ್ಕೆ ಬಂದಾಗ ಅತ್ತೆ, ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಎಂದರು. ಹೂಂ ಎಂದ. ಸಾಕಾ ಎಂದರು. ಅದಕ್ಕೂ ಹೂಂ ಎಂದ. ಹಾಕಬೇಕೋ ಬಿಡಬೇಕೋ ತಿಳಿಯದೆ ಅತ್ತೆ ಸೌಟು ಎತ್ತಿ ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಆವತ್ತಿನಿಂದ ಅವನಿಗೆ ಬೇರೆ ಹೆಸರು ಇರಲಿಲ್ಲ.

ಅವನು ದಡ್ಡನೇನಲ್ಲ. ಎದುರಿಗಿದ್ದವರು ಮಾತು ಮುಗಿಸುವ ತನಕ ಕಾಯುವುದು ಅವನಿಗೆ ಸಂಕೋಚ. ಪಾಪ, ಅವರು ಅಷ್ಟು ಕಷ್ಟಪಟ್ಟು ಮಾತಾಡುತ್ತಿದ್ದಾರೆ, ಸುಮ್ಮನಿದ್ದರೆ ಬೇಜಾರು ಮಾಡಿಕೊಂಡಾರು ಎಂದು ಅರ್ಧದಲ್ಲೇ ಹೂಂ ಎಂದುಬಿಡುವನು. ಉಳಿದರ್ಧದಲ್ಲಿ ಏನು ಬಂತು ಎಂಬುದು ಆಮೇಲೆ ಗೊತ್ತಾಗುತ್ತಿತ್ತು. ಹೀಗೆ ಬಾಗಿಲಿಗೆ ಬಂದ ಮಾರಾಟದವರಿಗೆ ಹೂಂ ಎಂದೇ ಅವನ ಮನೆಯಲ್ಲಿ ಮೂರು ಇಸ್ತ್ರಿ ಪೆಟ್ಟಿಗೆಗಳು ಸೇರಿದ್ದವು.

ಮಾವ ಇದಕ್ಕೆ ತದ್ವಿರುದ್ಧ. ಅವರು ನಿವೃತ್ತ ಸ್ಟೇಷನ್ ಮಾಸ್ತರರು. ಅವರ ಕಾಲದಲ್ಲಿ ರೈಲುಗಳು ಅವರ ಮಾತು ಕೇಳಿಕೊಂಡು ಬಂದು, ಅವರ ಮಾತು ಕೇಳಿಕೊಂಡು ಹೋಗಿದ್ದವು. ನಿವೃತ್ತರಾದ ಮೇಲೆ ಮನೆಯವರೂ ಹಾಗೇ ಓಡಾಡಲಿ ಎಂಬುದೊಂದೇ ಅವರ ಆಸೆ. ಒಲೆಯ ಮೇಲಿನ ಹಾಲು ಇಳಿಸುವುದಕ್ಕೂ ನಡುಮನೆಯಿಂದ ಅಪ್ಪಣೆಯಾಗಬೇಕು. ಅಪ್ಪಣೆ ಅಡುಗೆಮನೆ ತಲುಪುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು. ಆಗ ಮಾವ, ನಾನು ಹೇಳಿದ್ದು ಕೇಳಿದ್ರೆ ಹೀಗಾಗ್ತಿತ್ತಾ ಎನ್ನುವರು. ಹೂಂಭಾವ ಹೂಂ ಎನ್ನುವನು. ಇದೊಂದು ಕಾರಣಕ್ಕೆ ಮಾವನಿಗೆ ಅಳಿಯನ ಮೇಲೆ ಪ್ರೀತಿ. ಆದರೆ ಪ್ರೀತಿ ಬೇರೆ, ಅಭಿಪ್ರಾಯ ಕೇಳುವುದು ಬೇರೆ. ಆ ಮನೆಯಲ್ಲಿ ಬೆಕ್ಕಿಗೆ ಯಾವ ಬಟ್ಟಲು ಇಷ್ಟ ಎಂದು ವಿಚಾರಿಸಿದ್ದುಂಟು, ಹೂಂಭಾವನನ್ನು ವಿಚಾರಿಸಿದ್ದಿಲ್ಲ.

ಹೀಗಿರುವಾಗ ಆ ಮನೆಯವರು ಕಾರು ಕೊಳ್ಳುವ ಮಾತೆತ್ತಿದರು.

ಕಾರು ಓಡಿಸಬೇಕಾದವನು ಬಾಮೈದ. ಅವನಿಗೆ ಔಷಧಿ ಅಂಗಡಿಯಿತ್ತು, ಲೈಸೆನ್ಸೂ ಇತ್ತು, ಧೈರ್ಯ ಮಾತ್ರ ಇರಲಿಲ್ಲ. ಒಮ್ಮೆ ಸ್ನೇಹಿತನ ಸಾರಂಗ ಕಾರು ತಂದು ಮನೆಯವರನ್ನು ಕೂರಿಸಿಕೊಂಡು ಹೊರಟಿದ್ದ. ಸಾರಂಗ ಬಲು ಸದ್ದಿಲ್ಲದ ಗಾಡಿ. ಒಳಗೆ ಕೂತರೆ ಪಕ್ಕದವರ ಕೈಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಮಾವ, ಎಡಕ್ಕೆ ಬಿಡು, ಎಡಕ್ಕೇನೋ ಹೋಗ್ತೀಯ ಬಲಕ್ಕೆ ಬಿಡು, ನಿಧಾನ, ಇಷ್ಟು ನಿಧಾನ ಹೋದ್ರೆ ಹಿಂದಿನ ಗಾಡಿ ಲೇಟಾಗಲ್ವಾ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಮಗ ಅಷ್ಟನ್ನೂ ಒಟ್ಟಿಗೆ ಪಾಲಿಸಲು ಹೋಗಿ ಬೀದಿ ತಿರುವಿನ ಅಂಚೆ ಡಬ್ಬಕ್ಕೆ ಗುದ್ದಿದ. ಡಬ್ಬ ಇಂದಿಗೂ ವಾಲಿಕೊಂಡೇ ಇದೆ. ಕಾಗದ ಹಾಕುವವರು ತಲೆ ಓರೆ ಮಾಡಿ ಹಾಕುತ್ತಾರೆ.

ಆ ದಿನ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಊಟದ ಮೇಜಿನ ಸುತ್ತ ಕೂತಿದ್ದರು. ಕೊಂಡರೆ ಸಾರಂಗವನ್ನೇ ಕೊಳ್ಳೋಣ, ಸದ್ದಿಲ್ಲ, ಮರ್ಯಾದಸ್ಥರ ಗಾಡಿ ಎಂದು ಮಾವ ತೀರ್ಪು ಕೊಟ್ಟು, ರೂಢಿಯಂತೆ ಅಳಿಯನ ಕಡೆ ತಿರುಗಿ, "ಏನಂತೀರಿ ಅಳಿಯಂದ್ರೇ?" ಎಂದರು. ಇದು ಪ್ರಶ್ನೆಯಲ್ಲ, ವಾಕ್ಯದ ಕೊನೆಯಲ್ಲಿ ಇಡುವ ಚುಕ್ಕಿ ಎಂದು ಮನೆಯವರಿಗೆಲ್ಲ ಗೊತ್ತು.

ಹೂಂಭಾವನ ಬಾಯಲ್ಲಿ ಆಗ ಬಿಸಿ ಆಲೂಗಡ್ಡೆಯ ಹೋಳೊಂದು ಇತ್ತು. ಹೂಂ ಎನ್ನಲು ಆಗಲಿಲ್ಲ. ಎಲ್ಲರೂ ಅವನ ಮುಖ ನೋಡಿದರು. ಆ ಮನೆಯಲ್ಲಿ ಅಷ್ಟೊಂದು ಕಣ್ಣುಗಳು ಅವನ ಮೇಲೆ ಬಿದ್ದದ್ದು ಮದುವೆಯ ದಿನ ಬಿಟ್ಟರೆ ಅಂದೇ. ಅವನಿಗೆ ಒಂದು ಥರ ಖುಷಿಯಾಯಿತು. ಆಲೂಗಡ್ಡೆ ನುಂಗಿ, ನೀರು ಕುಡಿದು, ಏನು ಹೇಳುತ್ತಿದ್ದೇನೆ ಎಂದು ತನಗೇ ತಿಳಿಯುವ ಮೊದಲು ಹೇಳಿಬಿಟ್ಟ:

"ಸಾರಂಗ ಬೇಡ ಮಾವ. ಹಂಸ ತಗೊಳ್ಳಿ. ಟ್ಯಾಕ್ಸಿ ಸ್ಟ್ಯಾಂಡಲ್ಲಿ ನೋಡಿ, ಡ್ರೈವರ್‌ಗಳ ಹತ್ರ ಇರೋದೆಲ್ಲ ಹಂಸಾನೇ."

ಬಾಮೈದನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅತ್ತೆ ಅಡುಗೆಮನೆಯಿಂದ ಇಣುಕಿ, ಮಾತಾಡಿದ್ದು ಯಾರು ಎಂದು ಕೇಳಿದರು.

"ಯಾಕಂತೆ?" ಎಂದರು ಮಾವ. "ಡ್ರೈವರ್‌ಗಳು ಹಂಸಾನೇ ಯಾಕೆ ತಗೋತಾರೆ?"

ಅದು ಹೂಂಭಾವನಿಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನ ಮುಂದೆ ದಿನಾ ಹಾದುಹೋಗುವಾಗ ಸಾಲಾಗಿ ನಿಂತ ಹಂಸ ಕಾರುಗಳ ಕಿಟಕಿಗಳನ್ನು ನೋಡಿದ್ದನಷ್ಟೆ, ಅದೂ ಪರದೆ ಹಾಕಿದರೆ ಹೇಗಿರುತ್ತದೆ ಎಂದು. ಆದರೆ ಸಿಕ್ಕ ಮರ್ಯಾದೆಯನ್ನು ಅಷ್ಟು ಬೇಗ ಕೆಳಗಿಡಲು ಮನಸ್ಸು ಬರಲಿಲ್ಲ. "ಅದಕ್ಕೊಂದು ಕಾರಣ ಇದೆ," ಎಂದ. "ಭಾನುವಾರ ಹೇಳ್ತೀನಿ."

ಮಾವ ಅಳಿಯನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಸರಿ, ಭಾನುವಾರ ಕಾರಣ ಕೇಳಿದ ಮೇಲೆಯೇ ಗಾಡಿ ಗೊತ್ತುಮಾಡುವುದು ಎಂದಾಯಿತು.

ಮನೆಗೆ ಮರಳುವ ದಾರಿಯಲ್ಲಿ ಹೆಂಡತಿ ಶಾಂತವಾಗಿ, "ರೀ, ನಿಮಗೆ ಕಾರಿನ ಬಾಗಿಲು ತೆಗೆಯೋಕೂ ಬರಲ್ಲ," ಎಂದಳು. ಹೂಂ ಎಂದ. "ಈ ಸಲ ನಿಮ್ಮ ಮಾತು ನಿಂತ್ರೆ ಆ ಮನೇಲಿ ನಿಮ್ಮನ್ನೂ ಒಬ್ಬ ಮನುಷ್ಯ ಅಂತ ಲೆಕ್ಕಕ್ಕೆ ತಗೋತಾರೆ. ಬಿದ್ರೆ, ಸಾಯೋ ತನಕ ಹೂಂಭಾವಾನೇ. ನನಗಂತೂ ಕೇಳಿ ಕೇಳಿ ಸಾಕಾಗಿದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ, ಕಾರಣ ಹುಡುಕಿಯೇ ತೀರಬೇಕೆಂದು ಅವನು ತೀರ್ಮಾನಿಸಿದ.

ಮರುದಿನ ಒಂದು ಮನೆಯ ಕಿಟಕಿ ಅಳೆದು ಬರುವ ದಾರಿಯಲ್ಲಿ ಅವನು ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಡ್ರೈವರುಗಳು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ನೇರ ಹೋಗಿ ಕೇಳಲು ನಾಚಿಕೆ. ಕೈಗೆ ಏನಾದರೂ ಕೆಲಸ ಕೊಡೋಣವೆಂದು ಮೊದಲು ಸಿಕ್ಕಿದ ಹಂಸದ ಹಿಂದಿನ ಕಿಟಕಿಗೆ ಟೇಪು ಹಿಡಿದು ಅಗಲ ಅಳೆದ. ಮುಜುಗರ ಹೋಗಲಿಲ್ಲ. ಎತ್ತರ ಅಳೆದ. ಆಮೇಲೆ ತಲೆ ಒಳಗೆ ತೂರಿಸಿ ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವಿನ ಅಂತರ ಅಳೆಯತೊಡಗಿದ.

ಬೆಂಚು ಒಂದೇ ಸಲ ಖಾಲಿಯಾಯಿತು.

ಸ್ಟ್ಯಾಂಡಿಗೆ ಹಿರಿಯನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮುಖದಲ್ಲಿ ಮೊದಲು ಕಾಣುತ್ತಿದ್ದುದೂ ಕೊನೆಗೆ ಕಾಣುತ್ತಿದ್ದುದೂ ಅದೊಂದೇ. ಅವನು ಹತ್ತಿರ ಬಂದು ಕೆಮ್ಮಿ, "ಸಾರ್ ಯಾರು? ಹಂಸ ಕಂಪನಿ ಕಡೆಯಿಂದ..." ಎಂದ.

"ಹೂಂ," ಎಂದ ಹೂಂಭಾವ.

"...ಪರೀಕ್ಷೆಗೆ ಬಂದಿದ್ದೀರಾ?"

ಹೂಂ ಆಗಲೇ ಖರ್ಚಾಗಿತ್ತು. ವಾಪಸು ತೆಗೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಮೀಸೆ ಹಿಂದಕ್ಕೆ ತಿರುಗಿ ಉಳಿದವರಿಗೆ ಕಣ್ಣಿನಲ್ಲೇ ಏನೋ ಹೇಳಿದ. ಒಬ್ಬ ಓಡಿಹೋಗಿ ಕುರ್ಚಿ ತಂದ. ಇನ್ನೊಬ್ಬ ಆ ಕುರ್ಚಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಕೆನೆ ಹಾಕಿದ ಚಹಾ ಬಂತು.

ಈಗಲಾದರೂ ಕೇಳೋಣವೆಂದು ಹೂಂಭಾವ, ನೀವೆಲ್ಲ ಹಂಸವನ್ನೇ ಯಾಕೆ ಇಷ್ಟಪಡುತ್ತೀರಿ ಎಂದು ಕೇಳಿದ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರೀಕ್ಷೆಯಲ್ಲಿ ನಕಲು ಹೊಡೆಯುವವರು ಮಾಸ್ತರರು ಬಳಿಗೆ ಬಂದಾಗ ನೋಡಿಕೊಳ್ಳುತ್ತಾರಲ್ಲ, ಹಾಗೆ. ಸದಾ ಪತ್ರಿಕೆ ಹಿಡಿದಿರುತ್ತಿದ್ದ ಪೇಪರಣ್ಣ ಎಂಬವನು, ಹಂಸದ ಹಾರನ್ ಕೇಳಿದರೆ ತನಗೆ ತನ್ನ ತಾಯಿ ಕರೆದಂತಾಗುತ್ತದೆ ಎಂದ. ಇನ್ನೊಬ್ಬ, ಇದಕ್ಕೆ ಪೆಟ್ರೋಲ್ ಹಾಕುವುದೇ ಬೇಡ, ಬಂಕಿನ ಮುಂದೆ ನಿಲ್ಲಿಸಿ ವಾಸನೆ ತೋರಿಸಿದರೆ ಸಾಕು ಎಂದ. ಮೂರನೆಯವನಿಗೆ ಏನೂ ಹೊಳೆಯದೆ, ಕಪ್ಪು ಬಣ್ಣ ಚೆಂದ ಸಾರ್ ಎಂದ. ಅಲ್ಲಿದ್ದ ಗಾಡಿಗಳೆಲ್ಲ ಬಿಳಿ.

ಆ ಹೊತ್ತಿಗೆ ಟ್ಯಾಕ್ಸಿಗಾಗಿ ಬಂದ ಒಬ್ಬ ಟೀಚರಮ್ಮ, ಕಂಪನಿಯವರು ಬಂದಿದ್ದಾರಂತೆ ಎಂಬ ಪಿಸುಮಾತು ಕೇಳಿ, ಕೊಡೆಯ ತುದಿಯಿಂದ ದಾರಿ ಬಿಡಿಸಿಕೊಂಡು ಮುಂದೆ ಬಂದರು. "ಸಿಕ್ಕಿದ್ರಲ್ಲ ನೀವು. ಮೊನ್ನೆ ನನ್ನ ಶಾಲೆ ಹತ್ರ 'ನಿಲ್ಸಪ್ಪ, ನಿಲ್ಸಪ್ಪ' ಅಂತಾನೇ ಇದ್ದೀನಿ. ನನ್ನ ಶಾಲೆ ಹೋಯ್ತು, ಅದರಾಚೆ ಶಾಲೇನೂ ಹೋಯ್ತು. ಕೊನೆಗೆ ಹೊಳೆ ಅಡ್ಡ ಬಂತು ಅಂತ ನಿಲ್ಸಿದ. ನಿಮ್ಮ ಗಾಡೀಲಿ ಹಿಂದೆ ಕೂತವರ..."

ಮುಂದಿನದು ಕೇಳಿಸಲಿಲ್ಲ. ಸ್ಟ್ಯಾಂಡಿನ ಅಷ್ಟೂ ಹಂಸಗಳು ಒಟ್ಟಿಗೆ ಹಾರನ್ ಹೊಡೆದಿದ್ದವು. ಟೀಚರಮ್ಮನ ಬಾಯಿ ಆಡುತ್ತಿತ್ತು, ಕೊಡೆ ಆಡುತ್ತಿತ್ತು. ಹೂಂಭಾವ ಮರ್ಯಾದೆಗೆಂದು ಪ್ರತಿಯೊಂದಕ್ಕೂ ತಲೆಯಾಡಿಸಿದ. ಅವರು ಸಮಾಧಾನಗೊಂಡು, ಇವರಾದರೂ ಕಿವಿಗೊಟ್ಟು ಕೇಳಿದರಲ್ಲ ಎಂದು ಹರಸಿ ಹೋದರು. ಕಾರಣ ಮಾತ್ರ ಅವನಿಗೆ ಸಿಗಲಿಲ್ಲ.

ಆದರೆ ಸುದ್ದಿ ಸಿಕ್ಕವರಿದ್ದರು. ಮಾವನ ಪಕ್ಕದ ಮನೆಯ ಇಸ್ತ್ರಿಯಾಕೆ ಬಟ್ಟೆಯ ಗಂಟು ಹೊತ್ತು ಅದೇ ದಾರಿಯಲ್ಲಿ ಬಂದವಳು, ಹೂಂಭಾವ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುವುದನ್ನೂ ಡ್ರೈವರುಗಳು ಸುತ್ತ ಕೈಕಟ್ಟಿ ನಿಂತಿರುವುದನ್ನೂ ಕಂಡಳು. ಅವಳು ಮನೆ ಮುಟ್ಟುವಷ್ಟರಲ್ಲಿ ಅವನು ಹಂಸ ಕಂಪನಿಯ ಅಧಿಕಾರಿಯಾಗಿದ್ದ. ಸುದ್ದಿ ಹಿತ್ತಲಿನಿಂದ ಮುಂಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡ ಅಧಿಕಾರಿಯಾದ. ಸಂಜೆ ಮಾವನ ಫೋನು ಬಂತು.

"ಅಳಿಯಂದ್ರೇ," ಎಂದರು ಮಾವ.

"ಹೂಂ," ಎಂದ ಇವನು.

ನೀವು ಕಂಪನಿಯಲ್ಲಿ ಗುಟ್ಟಾಗಿ ದೊಡ್ಡ ಕೆಲಸದಲ್ಲಿರುವುದು ನಿಜವೇ ಎಂಬ ಪ್ರಶ್ನೆ ಆಮೇಲೆ ಬಂತು. ಉತ್ತರ ಮೊದಲೇ ಬಂದಿದ್ದರಿಂದ ಮಾವ ಅದಕ್ಕಾಗಿ ಕಾಯಲಿಲ್ಲ. ನನಗೆ ಮೊದಲೇ ಅನುಮಾನವಿತ್ತು, ಇಷ್ಟು ಕಡಿಮೆ ಮಾತಾಡುವವರು ಸುಮ್ಮನೆ ಇರುವವರಲ್ಲ ಎಂದು ಹೇಳಿ, ಇದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ಮಾತು ಕೊಟ್ಟು ಫೋನಿಟ್ಟರು. ಬೆಳಗಾಗುವ ಹೊತ್ತಿಗೆ ಹಾಲಿನವನಿಗೂ ಗೊತ್ತಾಗಿತ್ತು.

ಹೆಂಡತಿ ಎಲ್ಲ ಕೇಳಿಸಿಕೊಂಡು, "ನಿಮ್ಮ ಬಾಯಿಗೊಂದು ಪರದೆ ಹೊಲಿಸ್ಬೇಕು," ಎಂದಳು. "ದಪ್ಪ ಬಟ್ಟೇದು."

ಸುದ್ದಿ ಪರದೆ ಅಂಗಡಿಗೂ ಬಂತು. ಅಂಗಡಿಯ ಯಜಮಾನರು ಆವರೆಗೆ ಹೂಂಭಾವನನ್ನು ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಅವತ್ತು ಬೆಳಿಗ್ಗೆ ಅವನು ಬಂದಾಗ ಸ್ಟೂಲಿನ ಮೇಲೆ ದಿಂಬಿತ್ತು. ಮಧ್ಯಾಹ್ನ ಯಜಮಾನರು ತಮ್ಮ ಕುರ್ಚಿಯನ್ನೇ ಕೊಟ್ಟು ತಾವು ಬಟ್ಟೆಯ ಸುರುಳಿಯ ಮೇಲೆ ಕೂತರು. ಒಂದು ಹೋಟೆಲಿನ ಅಷ್ಟೂ ಕಿಟಕಿಗಳ ಕೆಲಸ ಆಗ ತಾನೇ ಬಂದಿತ್ತು. ಅಳತೆಗೆ ಇವನನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅವರು ಸುರುಳಿಯ ಮೇಲೆ ಆಚೀಚೆ ಉರುಳುತ್ತ, "ನಮ್ಮನ್ನು ಬಿಟ್ಟು ಹೋಗ್ತೀಯಂತೆ..." ಎಂದು ಶುರುಮಾಡಿದರು. ಇವನು ಹೂಂ ಎಂದುಬಿಟ್ಟ.

ಯಜಮಾನರ ಮುಖ ಒದ್ದೆ ಬಟ್ಟೆಯ ಹಾಗೆ ಇಳಿಬಿತ್ತು. ಹೋಗುವವರನ್ನು ಹಿಡಿದಿಟ್ಟುಕೊಳ್ಳುವವನು ತಾನಲ್ಲ, ಸೋಮವಾರದಿಂದ ಬರುವುದೇ ಬೇಡ ಎಂದು ಹೇಳಿ, ಕುರ್ಚಿಯನ್ನೂ ದಿಂಬನ್ನೂ ವಾಪಸು ಕಿತ್ತುಕೊಂಡರು. ಹೀಗೆ ಇಲ್ಲದ ಕೆಲಸವೊಂದು ಸಿಕ್ಕ ತಪ್ಪಿಗೆ ಇದ್ದ ಕೆಲಸ ಹೋಯಿತು.

ಅವನು ಸ್ಟೂಲಿನ ಮೇಲೆ ಕೂತು ಟೇಪು ಸುತ್ತುತ್ತಿದ್ದಾಗಲೇ ಅಂಗಡಿಯ ಮುಂದೆ ಸಾಲಾಗಿ ಹಂಸ ಕಾರುಗಳು ಬಂದು ನಿಂತವು. ಮೀಸೆ ಮುಂದೆ, ಉಳಿದವರು ಹಿಂದೆ. ಕಂಪನಿಯ ಸಾಹೇಬರು ಗುಟ್ಟಾಗಿ ಪರದೆ ಅಂಗಡಿಯಲ್ಲಿದ್ದಾರೆ ಎಂಬ ಸುದ್ದಿ ಅವರಿಗೂ ಮುಟ್ಟಿತ್ತು. ಮೀಸೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ಸಾವಿನ ಮನೆಗೆ ಬಂದವರಂತಿದ್ದರು.

"ಸಾರ್, ನೀವು ಸೀಟಿನ ನಡುವೆ ಟೇಪು ಹಿಡಿದಾಗಲೇ ನಮಗೆ ಗೊತ್ತಾಯ್ತು," ಎಂದ ಮೀಸೆ. "ನಿಮಗೆ ಎಲ್ಲ ತಿಳಿದಿದೆ. ಸುಳ್ಳು ಹೇಳಿದ್ದು ತಪ್ಪಾಯ್ತು. ಒಂದು ಬೇಡಿಕೆ. ದಯವಿಟ್ಟು ಅದನ್ನ ಸರಿ ಮಾಡಿಸ್ಬೇಡಿ."

ಯಾವುದನ್ನು ಎಂದು ಹೂಂಭಾವನಿಗೆ ಅರ್ಥವಾಗಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವನು ಹೂಂ ಎನ್ನದೆ ಸುಮ್ಮನೆ ನಿಂತ. ಅದು ಮೀಸೆಗೆ ಅಧಿಕಾರಿಯ ಗತ್ತಿನಂತೆ ಕಂಡು, ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದ.

ಹಂಸದ ಎಂಜಿನ್ ಗುಂಯ್ ಎನ್ನುತ್ತದೆ. ಆ ಗುಂಯ್ ಸದ್ದು ಗಾಡಿಯ ತಳದಿಂದ ಎದ್ದು ಸರಿಯಾಗಿ ಮುಂದಿನ ಸೀಟಿನ ಬೆನ್ನಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಹಿಂದಿನವರ ಮಾತು ಹಿಂದಿನವರಿಗೆ ಕೇಳುತ್ತದೆ, ಮುಂದಿನವರ ಮಾತು ಮುಂದಿನವರಿಗೆ. ಹಿಂದಿನದು ಮುಂದಕ್ಕೆ ಬರುವುದಿಲ್ಲ. ಹಂಸ ಕಂಪನಿಯವರು ಮಾಡಿದ ತಪ್ಪುಗಳಲ್ಲೆಲ್ಲ ಇಷ್ಟು ಒಳ್ಳೆಯ ತಪ್ಪು ಇನ್ನೊಂದಿಲ್ಲ.

"ಸಾರ್, ಟ್ಯಾಕ್ಸಿ ಹತ್ತಿದ ಪ್ರತಿಯೊಬ್ರೂ ಡ್ರೈವರ್‌ಗಳೇ," ಎಂದ ಮೀಸೆ. ಅವನ ಮೀಸೆಯ ತುದಿ ನಡುಗುತ್ತಿತ್ತು. "ಆ ಕಡೆ ಹೋಗು, ಈ ಕಡೆ ಬಾ, ಸೈಕಲ್ ನಿನ್ನ ಹಿಂದೆ ಹಾಕ್ತು ನೋಡು, ನಮ್ಮ ಚಿಕ್ಕಪ್ಪನಾಗಿದ್ರೆ ಇಷ್ಟೊತ್ತಿಗೆ ತಲುಪಿಸ್ತಿದ್ದ. ನಾನು ಸಾರಂಗ ಓಡಿಸ್ತಿದ್ದಾಗ ಇದನ್ನೆಲ್ಲ ಕೇಳಿ ಕೇಳಿ, ಮನೇಲಿ ಊಟ ಮಾಡುವಾಗ ಹೆಂಡತಿ 'ಬಲಗಡೆ ಉಪ್ಪಿದೆ' ಅಂದ್ರೆ ನಾನು ಬಲಗೈ ಆಚೆ ಚಾಚಿ ಸಿಗ್ನಲ್ ತೋರಿಸ್ತಿದ್ದೆ. ಹಂಸ ತಗೊಂಡ ಮೇಲೆ ಮನುಷ್ಯನಾಗಿದ್ದೀನಿ. ಇಳಿಯುವಾಗ ಎಲ್ಲರೂ ಏನಂತಾರೆ ಗೊತ್ತಾ? 'ನೀನು ಒಳ್ಳೆಯವನಪ್ಪ, ಎದುರು ಮಾತಾಡಲ್ಲ' ಅಂತಾರೆ."

ಪೇಪರಣ್ಣ ಪತ್ರಿಕೆಯಲ್ಲಿ ಕಣ್ಣೊರೆಸಿಕೊಂಡ. ಹೂಂಭಾವನಿಗೆ ಕೊನೆಗೂ ಕಾರಣ ಸಿಕ್ಕಿತ್ತು. ಆದರೆ ಇದನ್ನು ಮಾವನ ಮುಂದೆ ಹೇಗೆ ಹೇಳುವುದು? ನಿಮ್ಮಂಥವರ ಮಾತು ಕೇಳಿಸಬಾರದೆಂದೇ ಡ್ರೈವರುಗಳು ಈ ಗಾಡಿ ಕೊಳ್ಳುತ್ತಾರೆ ಮಾವ, ಆದ್ದರಿಂದ ನೀವೂ ಕೊಳ್ಳಿ ಎಂದು ಹೇಳುವುದೇ?

ಮೀಸೆ, ಸರಿ ಮಾಡಿಸುವುದಿಲ್ಲ ತಾನೇ ಎಂದು ಕೇಳಿದ. ಹೂಂಭಾವ ಹೂಂ ಎಂದ. ಪೂರ್ತಿ ಕೇಳಿಸಿಕೊಂಡು ಹೇಳಿದ ಮೊದಲ ಹೂಂ ಅದು.

ಭಾನುವಾರ ಬಂದೇ ಬಂತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರಣವನ್ನು ಗಾಡಿಯ ಎದುರಿಗೇ ಕೇಳೋಣ ಎಂದು ಮನೆಮಂದಿಯನ್ನೆಲ್ಲ ಹಂಸದ ಶೋರೂಮಿಗೆ ಹೊರಡಿಸಿದರು. ಹೂಂಭಾವ ಬಲಿಗೆ ಹೊರಟವನಂತೆ ಹಿಂದೆ ನಡೆದ. ಶೋರೂಮಿನ ಗಾಜಿನ ಬಾಗಿಲು ತೆರೆಯುತ್ತಿದ್ದಂತೆ ಟೈ ಕಟ್ಟಿದ ಮ್ಯಾನೇಜರು ಹೂಗುಚ್ಛ ಹಿಡಿದು ಓಡಿಬಂದ. ಸರ್ವಿಸಿಗೆ ಬಂದ ಡ್ರೈವರುಗಳಿಂದ ಅವನಿಗೂ ವಿಷಯ ತಿಳಿದಿತ್ತು.

"ಹೆಡ್ಡಾಫೀಸಿನವರು ಹೇಳ್ದೆ ಕೇಳ್ದೆ ಬರ್ತಾರೆ ಅಂತ ಗೊತ್ತಿತ್ತು ಸಾರ್," ಎಂದು ಹೂವನ್ನು ಹೂಂಭಾವನ ಕೈಗೆ ತುರುಕಿದ. ಮಾವನ ಎದೆ ಒಂದು ಸುತ್ತು ಉಬ್ಬಿತು. ಅತ್ತೆ ಅಳಿಯನನ್ನು ಕಂಡು, ಮೊದಲೇ ಗೊತ್ತಿದ್ದರೆ ಅವತ್ತು ಇನ್ನೊಂದು ಸೌಟು ಅನ್ನ ಹಾಕುತ್ತಿದ್ದೆನಲ್ಲ ಎಂಬಂತೆ ನೋಡಿದರು.

ಹೂಂಭಾವ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿಕೊಂಡಿದ್ದಳು. ಅದನ್ನು ನೋಡಿ ಅವನಿಗೆ ಏನಾಯಿತೋ ಏನೋ, ಗಂಟಲು ಸರಿಪಡಿಸಿಕೊಂಡು, "ಅಲ್ಲ," ಎಂದ.

ಆ ಪದ ಅವನ ಬಾಯಿಂದ ಹೊರಡುವಾಗ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು. "ನಾನು ಯಾವ ಕಂಪನಿಯವನೂ ಅಲ್ಲ. ಪರದೆ ಅಂಗಡೀಲಿ ಕಿಟಕಿ ಅಳೆಯೋನು. ನನಗೆ ಕಾರಿನ ಬಾಗಿಲು ತೆಗೆಯೋಕೂ ಬರಲ್ಲ." ಹೇಳಿದ್ದನ್ನು ರುಜುವಾತು ಮಾಡಲು ಪಕ್ಕದ ಕಾರಿನ ಬಾಗಿಲಿನ ಹಿಡಿ ಹಿಡಿದು ಎಳೆದ. ಅದು ಕೈಗೇ ಬಂತು.

ಎಲ್ಲರೂ ಆ ಹಿಡಿಯನ್ನೇ ನೋಡಿದರು. ಮ್ಯಾನೇಜರು ಬೆವರಿದ. "ನೋಡಿದ್ರಾ, ನೋಡಿದ್ರಾ," ಎಂದು ಮಾವನ ಕಡೆ ತಿರುಗಿದ. "ಸಡಿಲ ಇದ್ದ ಒಂದೇ ಒಂದು ಹಿಡಿಗೆ ಸರಿಯಾಗಿ ಕೈ ಹಾಕಿದ್ರು. ಇವರು ಕಂಪನಿಯವರಲ್ಲ ಅಂದ್ರೆ ನಂಬೋಕಾಗುತ್ತಾ?"

ಮಾವ ಗಂಭೀರವಾಗಿ, ಅಳಿಯಂದಿರ ಕೆಲಸವೇ ಅಂಥದ್ದು, ಒಪ್ಪಿಕೊಳ್ಳುವ ಹಾಗಿಲ್ಲ ಎಂದರು. ಇಷ್ಟು ದಿನ ಹೂಂ ಎಂದಾಗಲೆಲ್ಲ ನಂಬಿದ ಜನ, ಒಂದು ಸಲ ಅಲ್ಲ ಎಂದರೆ ನಂಬಲಿಲ್ಲ. ಹೆಂಡತಿ ಮಾತ್ರ ತಲೆಯೆತ್ತಿ ಗಂಡನನ್ನು ನೋಡಿ ಸಣ್ಣಗೆ ನಕ್ಕಳು.

ಓಡಿಸಿ ನೋಡಲು ಬೇರೆ ಗಾಡಿ ತರಿಸಿದರು, ಹಿಡಿಗಳು ಗಟ್ಟಿ ಇರುವಂಥದ್ದು. ಬಾಮೈದ ಸ್ಟಿಯರಿಂಗ್ ಚಕ್ರ ಹಿಡಿದ. ಪಕ್ಕದಲ್ಲಿ ಅವನ ಅಕ್ಕ, ಅಂದರೆ ಹೂಂಭಾವನ ಹೆಂಡತಿ. ಹಿಂದೆ ಒಂದು ಕಿಟಕಿಗೆ ಮಾವ, ಇನ್ನೊಂದು ಕಿಟಕಿಗೆ ಅತ್ತೆ, ನಡುವೆ ಹೂವಿನ ಗುಚ್ಛ ಹಿಡಿದ ಹೂಂಭಾವ. ಎಂಜಿನ್ ಶುರುವಾಯಿತು. ಗುಂಯ್ ಎಂಬ ಸದ್ದು ತಳದಿಂದ ಎದ್ದು ಮುಂದಿನ ಸೀಟಿನ ಬೆನ್ನಿಗೆ ಬಂದು ನಿಂತಿತು.

"ಲೈನ್ ಕ್ಲಿಯರ್. ಬಿಡು," ಎಂದರು ಮಾವ.

ಬಾಮೈದನಿಗೆ ಕೇಳಿಸಲಿಲ್ಲ. ಅವನು ಕನ್ನಡಿ ನೋಡಿ, ದಾರಿ ನೋಡಿ, ತನ್ನ ಪಾಡಿಗೆ ತಾನು ಗಾಡಿ ಬಿಟ್ಟ. ಮಾವ, ಎಡಕ್ಕೆ ಹಿಡಿ ಎಂದರು. ದಾರಿ ತಾನಾಗಿಯೇ ಎಡಕ್ಕೆ ತಿರುಗಿತ್ತು, ಗಾಡಿಯೂ ತಿರುಗಿತು. ನಿಧಾನ ಎಂದರು. ಮುಂದೆ ಬಸ್ಸೊಂದು ನಿಂತಿದ್ದರಿಂದ ಮಗ ನಿಧಾನ ಮಾಡಿದ. ಹಾರನ್ ಹೊಡಿ ಎಂದರು. ಅದನ್ನು ಮಗ ಹೊಡೆಯಲಿಲ್ಲ.

"ಯಾಕೋ ಹೊಡೀಲಿಲ್ಲ?" ಎಂದ ಮಾವ ಒಂದು ಕ್ಷಣ ಯೋಚಿಸಿ, "ಸರಿ, ಆಸ್ಪತ್ರೆ ಇದೆ ಇಲ್ಲಿ. ಒಳ್ಳೇದು ಮಾಡ್ದೆ," ಎಂದರು. ಮುಖ ಅರಳುತ್ತಿತ್ತು. "ನೋಡಿದ್ರಾ ಅಳಿಯಂದ್ರೇ, ಸಾರಂಗದಲ್ಲಿ ಒಂದು ಹೇಳಿದ್ರೆ ಇನ್ನೊಂದು ಮಾಡಿದ್ದ. ಇದರಲ್ಲಿ ಒಂದೇ ಒಂದು ಎದುರು ಮಾತಿಲ್ಲ. ಹೇಳಿದಂಗೆ ಹೋಗ್ತಿದ್ದಾನೆ."

"ಹೂಂ," ಎಂದ ಹೂಂಭಾವ.

ವಾಲಿದ ಅಂಚೆ ಡಬ್ಬ ಬಂತು. ಮಾವ ಎಡ, ಬಲ, ನಿಲ್ಲು, ಹೋಗು ಅಷ್ಟನ್ನೂ ಒಟ್ಟಿಗೆ ಹೇಳಿದರು. ಗಾಡಿ ಡಬ್ಬದ ಪಕ್ಕದಲ್ಲಿ ನೀರಿನ ಮೇಲೆ ಹೋದಂತೆ ಹೋಯಿತು. ಅಕ್ಕ ತಮ್ಮ ಮುಂದೆ ಏನೋ ಹೇಳಿಕೊಂಡು ನಗುತ್ತಿದ್ದರು. ಅದು ಹಿಂದಕ್ಕೆ ಕೇಳಿಸಲಿಲ್ಲ. ಅತ್ತೆ ಮದುವೆಯಾದಾಗಿನಿಂದ ಮೊದಲ ಬಾರಿಗೆ ಪ್ರಯಾಣದಲ್ಲಿ ಕಣ್ಣುಮುಚ್ಚಿ ನಿದ್ದೆಹೋಗಿದ್ದರು.

ಶೋರೂಮಿಗೆ ವಾಪಸು ಬಂದು ಇಳಿದಾಗ ಮಾವ ಅಂಗಿ ಸರಿಮಾಡಿಕೊಂಡು, "ಈಗ ಹೇಳಿ ಅಳಿಯಂದ್ರೇ. ಡ್ರೈವರ್‌ಗಳು ಹಂಸಾನೇ ಯಾಕೆ ಇಷ್ಟಪಡ್ತಾರೆ?" ಎಂದರು.

ಹೂಂಭಾವ ಪ್ರಶ್ನೆ ಮುಗಿಯುವ ತನಕ ಕಾದ. "ಇದರಲ್ಲಿ ಹಿಂದೆ ಕೂತವರಿಗೂ ಮುಂದೆ ಕೂತವರಿಗೂ ಜಗಳ ಆಗಲ್ಲ ಮಾವ," ಎಂದ. "ಅಷ್ಟೇ ಕಾರಣ."

"ನೂರಕ್ಕೆ ನೂರು ನಿಜ," ಎಂದರು ಮಾವ. ಅಲ್ಲೇ ಹಂಸ ನಿಶ್ಚಯವಾಯಿತು.

ಸೋಮವಾರ ಬೆಳಿಗ್ಗೆ ಅವನು ಯಾವುದಕ್ಕೂ ಇರಲಿ ಎಂದು ಪರದೆ ಅಂಗಡಿಯ ಬಾಗಿಲಿಗೆ ಹೋಗಿ ನಿಂತ. ಯಜಮಾನರು ಹೋಟೆಲಿನ ಕಿಟಕಿಗಳನ್ನು ತಾವೇ ಅಳೆಯಲು ಹೋಗಿ, ಟೇಪಿನಲ್ಲಿ ಸುತ್ತಿಕೊಂಡು ಕೂತಿದ್ದರು. ಇವನನ್ನು ನೋಡಿ, "ಹಾಗಾದ್ರೆ ಬಿಟ್ಟು ಹೋಗಲ್ವಾ?" ಎಂದರು. ಹೂಂ ಎಂದ. ಯಜಮಾನರು ದಿಂಬನ್ನು ಸ್ಟೂಲಿನ ಮೇಲೆ ಇಟ್ಟರು.

ಈಗ ಮಾವನ ಮನೆಯಲ್ಲಿ ಹೂಂಭಾವನಿಲ್ಲದೆ ಕಾರು ಹೊರಡುವುದಿಲ್ಲ. ಒಮ್ಮೆ ಅವನನ್ನು ಬಿಟ್ಟು ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಹೇಳಿದ ಮಾತಿಗೆ ಯಾರೂ ಹೂಂ ಎನ್ನದೆ ಮಾವನಿಗೆ ಅನುಮಾನ ಬರತೊಡಗಿತು. ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಅವರು ಮಗನ ಭುಜ ತಟ್ಟಿ, ಕೈಸನ್ನೆಯಿಂದಲೇ ಬೀದಿಯ ಕೊನೆಯಿಂದ ಗಾಡಿ ತಿರುಗಿಸಿ, ಅಳಿಯನ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಈಗ ಬಾಮೈದ ಹೊರಡುವ ಮುಂಚೆ ಫೋನು ಮಾಡಿ, ಭಾವ, ನೀವು ಬಂದರೇನೇ ಗಾಡಿ ಓಡುವುದು ಎನ್ನುತ್ತಾನೆ. ಆ ಮನೆಯಲ್ಲಿ ಅಷ್ಟು ಮರ್ಯಾದೆಯಿಂದ ಯಾರನ್ನೂ ಕರೆದದ್ದಿಲ್ಲ.

ಅವನು ಬಂದು ಹಿಂದಿನ ಸೀಟಿನ ನಡುವೆ ತನ್ನ ಜಾಗದಲ್ಲಿ ಕೂರುತ್ತಾನೆ. ಬಾಗಿಲನ್ನು ಬೇರೆಯವರು ತೆಗೆದುಕೊಡುತ್ತಾರೆ. ಟ್ಯಾಕ್ಸಿ ಸ್ಟ್ಯಾಂಡಿನ ಮುಂದೆ ಹೋಗುವಾಗ ಮೀಸೆಯೂ ಪೇಪರಣ್ಣನೂ ಎದ್ದು ನಿಂತು ಸಲಾಮು ಹೊಡೆಯುತ್ತಾರೆ.

"ಯಾರಿಗೆ ಹೊಡೆದ್ರು ಸಲಾಮು, ನನಗಾ?" ಎನ್ನುತ್ತಾರೆ ಮಾವ.

"ಹೂಂ," ಎನ್ನುತ್ತಾನೆ ಅಳಿಯ.